ಚೌಕಟ್ಟಿನ ಅಂಚಿನಲ್ಲಿ ನಿಂತವರು

ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿ 1838ರಲ್ಲಿ ಆ ಊರಿನ ಅತಿ ಗದ್ದಲದ ಬೀದಿಗಳಲ್ಲೊಂದಾಗಿತ್ತು. ಸಾಲುಸಾಲು ನಾಟಕಶಾಲೆಗಳು, ಕುದುರೆಗಾಡಿಗಳು, ಹೊತ್ತು ಮಾರುವವರು. ಅಲ್ಲಿನ ರಂಗಗಳ ಮೇಲೆ ದಿನವೂ ಕೊಲೆ ದರೋಡೆಗಳ ಆಟ ನಡೆಯುತ್ತಿದ್ದುದರಿಂದ ಜನ ಅದಕ್ಕೆ ‘ಅಪರಾಧದ ಬೀದಿ’ ಎಂದು ಅಡ್ಡಹೆಸರಿಟ್ಟಿದ್ದರು. ಆ ವರ್ಷ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಈ ಬೀದಿಯ ಚಿತ್ರ ತೆಗೆದ. ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಬೆಳಕು ಅಚ್ಚೊತ್ತಬೇಕಾದರೆ ಹಲವು ನಿಮಿಷ ಹಿಡಿಯುತ್ತಿದ್ದ ಕಾಲ ಅದು. ಹಾಗಾಗಿ ಕಟ್ಟಡ, ಮರ, ಚಿಮಣಿಗಳೆಲ್ಲ ಕೆತ್ತಿಟ್ಟಂತೆ ಮೂಡಿದವು. ಓಡಾಡುತ್ತಿದ್ದ ಜನ, ಗಾಡಿ, ಕುದುರೆಗಳ ಗುರುತೂ ಉಳಿಯಲಿಲ್ಲ. ತುಂಬಿ ತುಳುಕುವ ಬೀದಿ ಕರ್ಫ್ಯೂ ಹಾಕಿದ ಊರಿನಂತೆ ಕಂಡಿತು. ಆದರೆ ಕೆಳಗೆ, ಒಂದು ಮೂಲೆಯಲ್ಲಿ, ಯಾರೋ ಒಬ್ಬ ಒಂದು ಕಾಲು ಮೇಲಿಟ್ಟು ನಿಂತಿದ್ದಾನೆ. ಅವನೆದುರು ಇನ್ನೊಬ್ಬ ಬಗ್ಗಿ ಬೂಟು ಪಾಲಿಶ್ ಮಾಡುತ್ತಿದ್ದಾನೆ. ಪಾಲಿಶ್ ಮುಗಿಯುವ ತನಕ ಒಂದೇ ಕಡೆ ಇದ್ದರು, ಅದಕ್ಕೇ ತಗಡಿನಲ್ಲಿ ಉಳಿದರು. ಕ್ಯಾಮೆರಾಕ್ಕೆ ಸಿಕ್ಕ ಮೊದಲ ಮನುಷ್ಯರು ಇವರೇ ಎಂದು ಛಾಯಾಗ್ರಹಣದ ಚರಿತ್ರೆ ಬರೆದವರು ಸಾಮಾನ್ಯವಾಗಿ ಹೇಳುತ್ತಾರೆ. ಮರುವರ್ಷ ಪ್ಯಾರಿಸ್ಸಿಗೆ ಬಂದಿದ್ದ, ಟೆಲಿಗ್ರಾಫಿನ ಹೆಸರಿನೊಂದಿಗೆ ನಾವು ನೆನೆಯುವ ಸ್ಯಾಮ್ಯುಯೆಲ್ ಮೋರ್ಸ್, ಈ ತಗಡನ್ನು ನೋಡಿ ಸೋದರನಿಗೆ ಬರೆದ ಕಾಗದದಲ್ಲಿ ವಿವರವಾಗಿ ಬಣ್ಣಿಸಿದ್ದೂ ಇವರನ್ನೇ.

ಡಾಗೇರ್ ಇವರ ಚಿತ್ರ ತೆಗೆಯಲು ಹೊರಟಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಬೀದಿ, ಮಹಡಿಗಳ ಸಾಲು, ತನ್ನ ಹೊಸ ವಿದ್ಯೆಯ ಸೂಕ್ಷ್ಮತೆಗೆ ಸಾಕ್ಷಿ. ಇಂದು ಆ ಚಿತ್ರ ನೋಡುವವರಲ್ಲಿ ಕಟ್ಟಡದ ಅಂದವನ್ನು ಹುಡುಕುವವರು ಕಡಿಮೆ. ಎಲ್ಲರ ಕಣ್ಣೂ ನೇರವಾಗಿ ಆ ಮೂಲೆಗೆ ಹೋಗುತ್ತದೆ. 1862ರ ಹೊತ್ತಿಗೆ ಪ್ಯಾರಿಸ್ಸಿನ ಪುನರ್ನಿರ್ಮಾಣದ ಭರಾಟೆಯಲ್ಲಿ ಆ ನಾಟಕಶಾಲೆಗಳಲ್ಲಿ ಬಹುಪಾಲು ನೆಲಸಮವಾದವು. ಬೀದಿಯ ಚಿತ್ರದಲ್ಲಿ ಬೀದಿಯೇ ಹಿನ್ನೆಲೆಗೆ ಸರಿದು, ಅಕಸ್ಮಾತ್ತಾಗಿ ಸಿಕ್ಕ ಎರಡು ಜೀವ ಮುಂದೆ ಬಂದಿವೆ. ಈ ಅದಲುಬದಲು ಒಂದು ಚಿತ್ರಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ನಗರದ ಕಟ್ಟಡಗಳನ್ನೂ ಬೀದಿಗಳನ್ನೂ ಹಿಡಿದಿಟ್ಟ ಸುಮಾರು ಎರಡು ಶತಮಾನಗಳ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಮತ್ತೆ ಮತ್ತೆ ಕಾಣುವುದು ಇದೇ: ತೆಗೆದವನು ಅಡ್ಡಿ ಎಂದುಕೊಂಡದ್ದು, ಗಮನಿಸದೆ ಬಿಟ್ಟದ್ದು, ಸಾಧ್ಯವಿದ್ದಿದ್ದರೆ ಅಳಿಸಿಬಿಡುತ್ತಿದ್ದದ್ದು, ಮುಂದಿನವರಿಗೆ ಆ ಚಿತ್ರದ ತಿರುಳಾಗುತ್ತದೆ. ನಾವು ಬದುಕುವ ದಿನದಲ್ಲಿ ಯಾವುದು ಮುಖ್ಯ, ಯಾವುದು ಹಿನ್ನೆಲೆ ಎಂಬುದನ್ನು ನಾವೇ ಸರಿಯಾಗಿ ತೀರ್ಮಾನಿಸಬಲ್ಲೆವು ಎಂಬ ನಂಬಿಕೆಯನ್ನು ಈ ಹಳೆಯ ಚಿತ್ರಗಳು ಸಡಿಲಿಸುತ್ತವೆ ಎಂಬುದು ಈ ಲೇಖನದ ವಾದ.

ಕ್ಯಾಮೆರಾ ಮೊದಲು ಕಟ್ಟಡಗಳ ಕಡೆ ತಿರುಗಿದ್ದಕ್ಕೆ ಕಾರಣ ಸರಳ. ಕಟ್ಟಡ ಅಲುಗಾಡುವುದಿಲ್ಲ. ನೀಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತೆಗೆದ, ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರದಲ್ಲಿರುವುದೂ ಅವನ ಮನೆಯ ಕಿಟಕಿಯಾಚೆಗಿನ ಮಾಡುಗಳು, ಗೋಡೆಗಳು. ಕರ್ನಾಟಕಕ್ಕೆ ಕ್ಯಾಮೆರಾ ಬಂದದ್ದೂ ಕಲ್ಲಿನ ದಾರಿಯಲ್ಲೇ. 1850ರ ದಶಕದಲ್ಲಿ ಲಿನಿಯಸ್ ಟ್ರೈಪ್ ಬೇಲೂರು ಹಳೇಬೀಡುಗಳನ್ನು, ಥಾಮಸ್ ಬಿಗ್ಸ್ ವಿಜಯಪುರ, ಬಾದಾಮಿ, ಐಹೊಳೆಗಳನ್ನು ಚಿತ್ರಿಸಿದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಇವರೆಲ್ಲ ಸೇನೆಗೆ ಸೇರಿದವರು. ನೋಡಿದ್ದು ಶಿಲ್ಪ, ಕಂಬ, ಗೋಪುರ. ಆ ಕಾಲದ ಪುರಾತತ್ವ ಚಿತ್ರಗಳಲ್ಲಿ ಒಂದು ರೂಢಿಯಿತ್ತು. ದ್ವಾರ ಎಷ್ಟು ಎತ್ತರ, ಗೋಡೆ ಎಷ್ಟು ಅಗಲ ಎಂದು ತಿಳಿಯಲಿ ಎಂದು ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ಅಳತೆಗೋಲು ಹೊತ್ತು ತರುವ ಬದಲು ಊರಿನವನೇ ಅಳತೆಗೋಲು. ಅವನ ಹೆಸರು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಇಂದು ಆ ದ್ವಾರದ ಎತ್ತರ ತಿಳಿಯಬೇಕಾದವರಿಗೆ ದ್ವಾರ ಅಲ್ಲೇ ಇದೆ, ಟೇಪು ಹಿಡಿದರಾಯಿತು. ಆದರೆ ಆ ಮನುಷ್ಯ ಮುಂಡಾಸು ಹೇಗೆ ಸುತ್ತಿದ್ದ, ಪಂಚೆ ಎಲ್ಲಿಯವರೆಗೆ ಉಟ್ಟಿದ್ದ, ಬರಿಗಾಲಲ್ಲಿದ್ದನೇ, ಅಧಿಕಾರಿಯ ಕ್ಯಾಮೆರಾದ ಎದುರು ಅವನ ಭುಜ ಹೇಗೆ ಬಿಗಿದಿತ್ತು ಎಂಬುದಕ್ಕೆ ಬೇರೆ ದಾಖಲೆಯೇ ಇಲ್ಲ.

ಅದಲುಬದಲಿನ ಗುಟ್ಟು ಇರುವುದು ಇಲ್ಲೇ. ಕಟ್ಟಡಕ್ಕೆ ದಾಖಲೆಗಳ ಬರವಿಲ್ಲ. ನಕ್ಷೆ, ಮಂಜೂರಾತಿ ಕಡತ, ಗುತ್ತಿಗೆ ಪತ್ರ, ಉದ್ಘಾಟನೆಯ ಕಲ್ಲು, ಗೆಜೆಟಿಯರ್‌ನಲ್ಲಿ ಒಂದು ಪ್ಯಾರಾ, ಹೀಗೆ ಹತ್ತು ಕಡೆ ಅದರ ಗುರುತು ಬಿದ್ದಿರುತ್ತದೆ. ಅದೇ ಕಟ್ಟಡದ ಮುಂದೆ ಕಡಲೆಕಾಯಿ ಹುರಿಯುವವನ ತಳ್ಳುಗಾಡಿಗೆ ನಕ್ಷೆಯಿಲ್ಲ. ಅವನ ಸೇರಿನ ಅಳತೆ, ಬೆಂಕಿಗೆ ಅಡ್ಡ ಇಟ್ಟ ತಗಡು, ಪೊಟ್ಟಣ ಕಟ್ಟುವ ಹಳೇ ಪೇಪರು, ಇವನ್ನು ಬರೆದಿಡಲು ಎಲ್ಲರಿಗೂ ಅವು ತೀರಾ ಪರಿಚಿತ. ಎಲ್ಲರೂ ಕಂಡದ್ದನ್ನು ಯಾರೂ ಬರೆಯುವುದಿಲ್ಲ, ಬರೆಯದ್ದು ಒಂದು ತಲೆಮಾರಿನಲ್ಲಿ ಮಾಯವಾಗುತ್ತದೆ. ಹಾಗೆ ಮಾಯವಾಗುವುದಕ್ಕೆ ಸಾಕ್ಷಿ ಹೇಳಬಲ್ಲದ್ದು, ಅದನ್ನು ಲೆಕ್ಕಿಸದೆಯೇ ಒಳಗೆ ಬಿಟ್ಟುಕೊಂಡ ಚಿತ್ರ. ಬರೆಯುವವನು ಪ್ರತಿ ಪದವನ್ನೂ ಆರಿಸಬೇಕು. ಲೆನ್ಸ್‌ಗೆ ಆ ಕಷ್ಟವಿಲ್ಲ, ತನ್ನೆದುರು ಬಂದದ್ದನ್ನೆಲ್ಲ ಅದು ನುಂಗುತ್ತದೆ. ಕ್ಯಾಮೆರಾದ ಹೆಚ್ಚುಗಾರಿಕೆ ಅದರ ಕಣ್ಣಿನ ಚುರುಕಿಗಿಂತ ಈ ದಡ್ಡತನದಲ್ಲೇ ಇದೆ ಎನ್ನಬೇಕು.

ಇದನ್ನು ಅರಿತೇ ಕೆಲಸ ಮಾಡಿದಂತೆ ಕಾಣುವವನು ಯೂಜೀನ್ ಅತ್ಜೆ. 1857ರಲ್ಲಿ ಹುಟ್ಟಿದ, ಹಡಗಿನಲ್ಲಿ ದುಡಿದು, ನಾಟಕಗಳಲ್ಲಿ ಸಣ್ಣಪುಟ್ಟ ವೇಷ ಹಾಕಿ, ಎರಡೂ ಕೈಹಿಡಿಯದೆ ಕ್ಯಾಮೆರಾ ಎತ್ತಿಕೊಂಡ ಈತ ಸುಮಾರು 1897ರಿಂದ 1927ರಲ್ಲಿ ಸಾಯುವವರೆಗೆ ಹಳೆಯ ಪ್ಯಾರಿಸ್ಸನ್ನು ಬೀದಿಬೀದಿಯಾಗಿ ಚಿತ್ರಿಸಿದ. ಚಿತ್ರಕಾರರಿಗೆ ಬೇಕಾಗುವ ಮಾದರಿ ದಾಖಲೆಗಳನ್ನು ಮಾರುವವನು ಎಂದಷ್ಟೇ ತನ್ನನ್ನು ಕರೆದುಕೊಳ್ಳುತ್ತಿದ್ದ. ಕಲಾವಿದ ಎಂಬ ಬಿರುದಿನ ಆಸೆ ಇದ್ದಂತಿಲ್ಲ. ಮರದ ಪೆಟ್ಟಿಗೆ ಕ್ಯಾಮೆರಾ, ಸ್ಟ್ಯಾಂಡು, 18×24 ಸೆಂಟಿಮೀಟರಿನ ಗಾಜಿನ ಫಲಕಗಳು, ಎಲ್ಲ ಹೊತ್ತು ನಡೆಯುತ್ತಿದ್ದ. ಎತ್ತರದ ಕಟ್ಟಡದ ತಲೆ ಚೌಕಟ್ಟಿಗೆ ಬರಲೆಂದು ಲೆನ್ಸನ್ನು ಮೇಲಕ್ಕೆ ಸರಿಸುತ್ತಿದ್ದುದರಿಂದ ಅವನ ಎಷ್ಟೋ ಚಿತ್ರಗಳ ಮೇಲಿನ ಮೂಲೆಗಳು ಕಪ್ಪಾಗಿವೆ. ಅದನ್ನು ಕತ್ತರಿಸಿ ತೆಗೆಯುವ ಗೋಜಿಗೆ ಅವನು ಹೋಗಲಿಲ್ಲ. ಅಂಗಡಿಯ ಗಾಜಿನಲ್ಲಿ ಎದುರಿನ ಮರಗಳ ನೆರಳು ಬಿದ್ದು ಒಳಗಿನ ಬೊಂಬೆಯೂ ಹೊರಗಿನ ಬೀದಿಯೂ ಒಂದಾಗಿ ಕಂಡರೆ ಅದನ್ನೂ ಹಾಗೇ ಬಿಟ್ಟ. ಬಾಗಿಲ ಗಾಜಿನ ಹಿಂದಿನಿಂದ ಇಣುಕಿದ ಮಾಣಿ, ಮೆಟ್ಟಿಲ ಬಳಿ ಒರಗಿಸಿಟ್ಟ ಪೊರಕೆ, ಚಿಂದಿ ಆಯುವವರ ಗುಡಿಸಲು, ಇವೆಲ್ಲ ಒಳಗೆ ಬಂದವು. ಪ್ರತಿ ಫಲಕಕ್ಕೂ ಸಂಖ್ಯೆ ಕೊಟ್ಟ, ಜಾಗದ ಹೆಸರು ಬರೆದ. 1920ರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಫಲಕಗಳನ್ನು 10,000 ಫ್ರಾಂಕಿಗೆ ಫ್ರೆಂಚ್ ಸರ್ಕಾರಕ್ಕೆ ಮಾರಿದ. ಕೊಂಡವರಿಗೆ ಬೇಕಾಗಿದ್ದದ್ದು ಹಳೆಯ ಬಾಗಿಲು, ಕಂಬಿ, ಕೆತ್ತನೆಗಳ ದಾಖಲೆ. ಅತ್ಜೆಯ ಉಳಿದ ಸಂಗ್ರಹವನ್ನು ಉಳಿಸಿದ ಅಮೆರಿಕದ ಬೆರೆನಿಸ್ ಆಬಟ್ 1929ರಲ್ಲಿ ನ್ಯೂಯಾರ್ಕಿಗೆ ಮರಳಿ, ಕಣ್ಣೆದುರೇ ಬದಲಾಗುತ್ತಿದ್ದ ಆ ಊರನ್ನು ಅದೇ ಹಟದಿಂದ ಹಿಡಿದಳು. ಗಗನಚುಂಬಿಗಳ ಜೊತೆಗೆ ಬ್ರೆಡ್ಡಿನಂಗಡಿ, ಕಬ್ಬಿಣದ ಸಾಮಾನಿನ ಅಂಗಡಿ, ಬೆಲೆಪಟ್ಟಿ ಬರೆದ ಗಾಜುಗಳೂ ಇರುವ ಅವಳ ಪುಸ್ತಕ 1939ರಲ್ಲಿ ಬಂತು.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನಲ್ಲಿ ಇವತ್ತು ಕಟ್ಟಡಗಳ ಚಿತ್ರ ತೆಗೆಯುವ ವೃತ್ತಿಗೆ ಬೇಡಿಕೆಯಿದೆ, ಹವ್ಯಾಸಿಗಳಂತೂ ಲೆಕ್ಕವಿಲ್ಲ. ವೃತ್ತಿಯವರು ಮೊದಲು ಕಲಿಯುವುದು ತೆಗೆದುಹಾಕುವ ವಿದ್ಯೆ. ಗೋಡೆ ವಾಲದಂತೆ ನೆಟ್ಟಗೆ ನಿಲ್ಲಿಸುವ ಲೆನ್ಸು, ಸಂಜೆ ದೀಪ ಹತ್ತಿದ ಆ ಹತ್ತು ನಿಮಿಷದ ನೀಲಿ ಆಕಾಶ, ಖಾಲಿ ರಸ್ತೆ. ತಂತಿ ಅಡ್ಡ ಬಂದರೆ ಕಂಪ್ಯೂಟರಿನಲ್ಲಿ ಅಳಿಸು, ಟ್ರಾನ್ಸ್‌ಫಾರ್ಮರ್ ಇದ್ದರೆ ಕೋನ ಬದಲಿಸು, ಗೇಟಿನ ಮುಂದೆ ಸೆಕ್ಯುರಿಟಿಯವನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದರೆ ಕುರ್ಚಿ ಒಳಗಿಡು. ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಕಟ್ಟಡವೂ ಹುಟ್ಟಿಲ್ಲ, ಬೀದಿಯೂ ಇಲ್ಲ. ಹುಲ್ಲುಹಾಸಿನ ಮೇಲೆ ಓಡುವ ಮಗು ಯಾವ ದೇಶದ್ದೋ. ಒಂದು ವಸ್ತು ಮಾತ್ರ ಈ ಚಿತ್ರಗಳಲ್ಲಿ ಎಂದೂ ಕಾಣದು, ನಿಜವಾದ ಕಟ್ಟಡ ಏಳುವಾಗ ಮಾತ್ರ ತಪ್ಪದು: ಮೂರನೆಯ ಮಹಡಿಯ ಕಂಬಿಗೆ ನೇತುಹಾಕಿದ, ನಾಲಗೆ ಚಾಚಿದ ದೃಷ್ಟಿಬೊಂಬೆ. ಎಷ್ಟು ಕೋಟಿಯ ಕಟ್ಟಡವಾದರೂ ಅದಕ್ಕೆ ನೋಡುವವರ ಕಣ್ಣಿನ ಭಯ ಇದ್ದೇ ಇದೆ ಎಂದು ಹೇಳುವ ಆ ಬೊಂಬೆ ಉದ್ಘಾಟನೆಯ ಆಲ್ಬಮ್ಮಿಗೆ ಮುನ್ನ ಇಳಿದುಹೋಗುತ್ತದೆ. ಐವತ್ತು ವರ್ಷದ ನಂತರ ಈ ಊರಿನ ಮನಸ್ಸನ್ನು ತಿಳಿಯಲು ಹೊರಟವರಿಗೆ ಕಟ್ಟಡದ ಗಾಜಿಗಿಂತ ಆ ಬೊಂಬೆ ಹೆಚ್ಚು ಹೇಳುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ತಂತಿಯ ಮಾತನ್ನೇ ತೆಗೆದುಕೊಳ್ಳಿ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಂದು ಬೀದಿಯ ಚಿತ್ರದಲ್ಲಿ ಕಂಬ, ತಂತಿ ಇದ್ದರೆ ಅದೇ ಆ ಚಿತ್ರದ ಹೆಮ್ಮೆ. ಇಂದು ಅದು ಕಸ. ಕೇಬಲ್ಲುಗಳೆಲ್ಲ ನೆಲದಡಿಗೆ ಹೋದ ಮೇಲೆ, ಮರದ ಕೊಂಬೆಗೆ ಸಿಂಬಿ ಸುತ್ತಿ ನೇತುಹಾಕಿದ ಕಪ್ಪು ಇಂಟರ್ನೆಟ್ ಕೇಬಲ್ಲುಗಳನ್ನು ಕಂಡು ಆಗಿನವರು ಬೆರಗಾಗಬಹುದು. ಅಂಗಡಿಯ ಬೋರ್ಡು ಇನ್ನೂ ಒಳ್ಳೆಯ ಉದಾಹರಣೆ. ಹಳೆಯ ಚಿತ್ರವೊಂದರಲ್ಲಿ ಬೋರ್ಡು ಕುಂಚದಿಂದ ಬರೆದದ್ದೋ ಫ್ಲೆಕ್ಸಿನಲ್ಲಿ ಅಚ್ಚಾದದ್ದೋ, ದೂರವಾಣಿ ಸಂಖ್ಯೆಗೆ ಆರು ಅಂಕಿಯೋ ಏಳೋ ಎಂಟೋ, ಊರಿನ ಹೆಸರು ಬ್ಯಾಂಗಲೋರೋ ಬೆಂಗಳೂರೋ, ಕನ್ನಡ ಮೇಲಿದೆಯೋ ಮೂಲೆಯಲ್ಲಿದೆಯೋ ಎಂದು ನೋಡಿದರೆ ಚಿತ್ರದ ಕಾಲವನ್ನು ಹೆಚ್ಚುಕಡಿಮೆ ಗುರುತಿಸಬಹುದು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಾಗ ಊರಿನ ಮುಖವೇ ಬದಲಾಯಿತು. ಅದಕ್ಕೆ ಹಿಂದಿನ ಮುಖ ಹೇಗಿತ್ತೆಂದು ತಿಳಿಯಲು ಕಟ್ಟಡಗಳ ‘ಸ್ವಚ್ಛ’ ಚಿತ್ರಗಳು ಪ್ರಯೋಜನಕ್ಕೆ ಬರುವುದಿಲ್ಲ.

ಇಲ್ಲಿ ಛಾಯಾಗ್ರಾಹಕರು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ಆಯ್ಕೆಯೇ ಈ ಕಲೆಯ ಜೀವ. ಎಲ್ಲವನ್ನೂ ಒಳಗೆ ಬಿಟ್ಟುಕೊಂಡರೆ ಅದು ಟ್ರಾಫಿಕ್ ಪೊಲೀಸರ ಸಿಸಿಟಿವಿ ಆಗುತ್ತದೆ, ಚಿತ್ರ ಆಗುವುದಿಲ್ಲ ಎಂದು. ಒಪ್ಪೋಣ. ಆದರೆ ಆರಿಸುವುದಕ್ಕೂ ಅಳಿಸುವುದಕ್ಕೂ ವ್ಯತ್ಯಾಸವಿದೆ. ಚೌಕಟ್ಟಿನ ಶಿಸ್ತಿಗೆ ಹೆಸರಾದ ಆನ್ರಿ ಕಾರ್ತಿಯೆ-ಬ್ರೆಸ್ಸೋನ್ 1932ರಲ್ಲಿ ಫ್ರಾನ್ಸಿನ ಇಯೇರ್ ಎಂಬ ಊರಿನಲ್ಲಿ ತೆಗೆದ ಚಿತ್ರವನ್ನು ನೆನೆಯಬಹುದು. ಮೇಲಿನಿಂದ ಕಾಣುವ ಸುರುಳಿ ಮೆಟ್ಟಿಲು, ಕಬ್ಬಿಣದ ಕಟಕಟೆ, ಕೆಳಗೆ ಬಾಗುವ ರಸ್ತೆ. ವಾಸ್ತುವಿನ ದೃಷ್ಟಿಯಿಂದ ಆ ಹಂದರ ಅಷ್ಟರಲ್ಲೇ ಪೂರ್ಣ. ಅಲ್ಲಿ ಸೈಕಲ್ಲಿನವನೊಬ್ಬ ಮಸುಕಾಗಿ ಹಾದುಹೋಗುತ್ತಾನೆ. ಚಿತ್ರ ನಿಂತಿರುವುದು ಅವನ ಮೇಲೆ. ಹಂದರವನ್ನು ಕಟ್ಟುವುದು ಛಾಯಾಗ್ರಾಹಕನ ಕೈಯಲ್ಲಿದೆ, ಅದರೊಳಗೆ ಯಾರು ಬರುತ್ತಾರೆಂಬುದು ಬೀದಿಯ ಕೈಯಲ್ಲಿದೆ. ಕಲೆ ಬೇಡವೆಂದು ನಾನು ಹೇಳುತ್ತಿಲ್ಲ. ಬರುವವರಿಗೆ ಒಂದಿಷ್ಟು ಜಾಗ ಬಿಡುವ ಕಲೆಯ ಮಾತಾಡುತ್ತಿದ್ದೇನೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಹಳೆಯ ಬೀದಿ, ಮಂಗಳೂರು ಹೆಂಚು, ಕಿಟಕಿಯ ಮೇಲಿನ ಮರದ ಮಂಕಿ ಟಾಪ್, ಕೆಂಪು ನೆಲದ ಜಗುಲಿ, ಇವುಗಳ ಮೋಹ ಉಂಡು ತೇಗಿದವರದ್ದು. ಅಲ್ಲಿ ಬಾಳಿದವರಿಗೆ ಬೇಕಾಗಿದ್ದದ್ದು ನಲ್ಲಿ, ಕಕ್ಕಸು, ಗಾಳಿ. ಈ ಮಾತಿಗೆ ಪುರಾವೆ ಬೇಕಾದಷ್ಟಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1868ರಿಂದ 1871ರವರೆಗೆ ಥಾಮಸ್ ಆ್ಯನನ್ ತೆಗೆದ ಓಣಿಗಳ ಚಿತ್ರಗಳು ಇಂದು ನೋಡಲು ಮೋಹಕ. ಒದ್ದೆ ಕಲ್ಲು, ಎರಡು ಗೋಡೆಗಳ ನಡುವೆ ಒಣಹಾಕಿದ ಬಟ್ಟೆ, ಅಲುಗಾಡಿದ್ದಕ್ಕೆ ದೆವ್ವಗಳಂತೆ ಮಸುಕಾದ ಮಕ್ಕಳು. ಆದರೆ ಅವು ರೋಗದ ಗೂಡುಗಳಾಗಿದ್ದವು, ಕೆಡವುವ ಮುನ್ನ ದಾಖಲಾಗಲಿ ಎಂದೇ ನಗರ ಸುಧಾರಣೆಯ ಟ್ರಸ್ಟ್ ಅವನಿಂದ ಚಿತ್ರ ತೆಗೆಸಿತು. ನಮ್ಮ ಬಸವನಗುಡಿ, ಮಲ್ಲೇಶ್ವರಗಳ ವಿಸ್ತಾರಕ್ಕೆ ಹಿನ್ನೆಲೆಯಾಗಿ ನಿಂತಿರುವುದೂ 1898ರ ಪ್ಲೇಗು. ಕಿಕ್ಕಿರಿದ ಪೇಟೆಯಿಂದ ಜನ ಗಾಳಿ ಬೆಳಕು ಹುಡುಕಿ ಹೊರಬಂದರು. ಆ ಬಡಾವಣೆಗಳ ಮನೆಗಳ ಹಿಂದಿರುವ ಕಿರಿದಾದ ಕನ್ಸರ್ವೆನ್ಸಿ ಓಣಿಗಳು ಇಂದು ಬೋಗನ್‌ವಿಲ್ಲಾ ಇಳಿಬಿದ್ದು ಇನ್‌ಸ್ಟಾಗ್ರಾಮಿಗೆ ಹೇಳಿ ಮಾಡಿಸಿದಂತಿವೆ. ಅವು ಇದ್ದದ್ದು ಹಿತ್ತಿಲ ಕಕ್ಕಸಿನಿಂದ ಮಲ ಎತ್ತುವವರು ಮುಂಬಾಗಿಲಿಗೆ ಕಾಣದಂತೆ ಬಂದು ಹೋಗಲಿ ಎಂದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದಾಗ ನಾಲ್ವರು ಸತ್ತರು. ಹಳೆಯ ಕಟ್ಟಡದ ಸೊಬಗು ಅದರ ಕೆಳಗೆ ಕೂತು ವ್ಯಾಪಾರ ಮಾಡುವವನಿಗೂ ದೂರದಿಂದ ಕ್ಯಾಮೆರಾ ಹಿಡಿದವನಿಗೂ ಒಂದೇ ಆಗಿರಲಾರದು.

ಆದರೆ ಈ ಆಕ್ಷೇಪ ಖಂಡಿಸುವುದು ಸೋಸಿದ ಚಿತ್ರವನ್ನೇ ಎಂಬುದನ್ನು ಗಮನಿಸಬೇಕು. ಹಳತಿನ ಮೋಹ ಹುಟ್ಟುವುದು ಹೆಂಚು, ಜಗುಲಿ ಉಳಿಸಿಕೊಂಡು ಹಿತ್ತಿಲ ಓಣಿಯನ್ನು ಚೌಕಟ್ಟಿನಿಂದ ಆಚೆ ತಳ್ಳಿದಾಗ. ಆ್ಯನನ್‌ನ ಚಿತ್ರದ ಒದ್ದೆ ಕಲ್ಲನ್ನು ಸ್ವಲ್ಪ ಹೊತ್ತು ನೋಡಿದರೆ ನಡುವೆ ಹರಿಯುವ ಚರಂಡಿಯೂ ಕಾಣುತ್ತದೆ, ಆ ಮಕ್ಕಳಿಗೆ ಚಪ್ಪಲಿ ಇಲ್ಲದಿರುವುದೂ ಕಾಣುತ್ತದೆ. ಅವನು ಚಂದಕ್ಕೆಂದು ಅವನ್ನು ತೆಗೆದುಹಾಕಲಿಲ್ಲ, ಹಾಗಾಗಿಯೇ ಆ ಚಿತ್ರ ಮೋಹಕ್ಕೂ ಮೋಹಭಂಗಕ್ಕೂ ಒಟ್ಟಿಗೆ ಒದಗುತ್ತದೆ. ‘ಆ ಕಾಲವೇ ಚೆನ್ನಾಗಿತ್ತು’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಇನ್ನೊಂದು ಮಾತನ್ನು ಮಾತ್ರ ತಲೆಬಾಗಿ ಒಪ್ಪಬೇಕು: ಚಿತ್ರ ತೆಗೆದರೆ ಕಟ್ಟಡ ಉಳಿಯುವುದಿಲ್ಲ. ಪ್ಯಾರಿಸ್ ನಗರಸಭೆ ಶಾರ್ಲ್ ಮಾರ್ವಿಲ್‌ನಿಂದ 1860ರ ದಶಕದಲ್ಲಿ ಹಳೆಯ ಬೀದಿಗಳ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಸಿದ್ದು ಅವನ್ನು ಒಡೆಯುವ ನಿರ್ಧಾರದ ಜೊತೆಜೊತೆಗೇ. ಚಿತ್ರ ಸಿಕ್ಕಿತು ಎಂಬ ಸಮಾಧಾನ ಪಿಕಾಸಿಗೆ ಪರವಾನಗಿಯಾಗುವ ಅಪಾಯವೂ ಇದೆ. ಬೆಂಗಳೂರಿನ ಕೆಂಪು ಅಠಾರಾ ಕಚೇರಿ, 1868ರಲ್ಲಿ ಮುಗಿದ ಈಗಿನ ಹೈಕೋರ್ಟ್ ಕಟ್ಟಡ, 1980ರ ದಶಕದ ಆರಂಭದಲ್ಲಿ ನೆಲಸಮವಾಗುವುದರಲ್ಲಿತ್ತು. ಅದನ್ನು ಉಳಿಸಿದ್ದು ದನಿ ಎತ್ತಿದ, ನ್ಯಾಯಾಲಯದ ಮೆಟ್ಟಿಲೇರಿದ ನಾಗರಿಕರು. ಟಿ.ಪಿ. ಇಸ್ಸಾರ್ ಅವರು ಬೆಂಗಳೂರಿನ ಕಟ್ಟಡಗಳನ್ನು ಚಿತ್ರಸಮೇತ ದಾಖಲಿಸಿದ ‘ದಿ ಸಿಟಿ ಬ್ಯೂಟಿಫುಲ್’ 1988ರಲ್ಲಿ ಬಂತು. ಅದರಲ್ಲಿನ ಎಷ್ಟೋ ಬಂಗಲೆಗಳು ಇಂದು ಆ ಪುಟಗಳಲ್ಲಿ ಮಾತ್ರ ಇವೆ. ಹೆಸರಾಂತ ಕಟ್ಟಡಕ್ಕಾದರೂ ಅಳುವವರಿದ್ದಾರೆ, ಕೋರ್ಟಿದೆ, ಪಟ್ಟಿಯಿದೆ. ಮೂವತ್ತು-ನಲವತ್ತರ ಸೈಟಿನಲ್ಲಿ ತಾತ ಕಟ್ಟಿಸಿದ ಮನೆ ಅಣ್ಣತಮ್ಮಂದಿರ ಪಾಲಾಗಿ, ಜಾಯಿಂಟ್ ಡೆವಲಪ್‌ಮೆಂಟಿಗೆ ಹೋಗಿ, ಒಂದು ವಾರದಲ್ಲಿ ಜೆಸಿಬಿ ಬಾಯಿಗೆ ಬಿದ್ದರೆ ಸುದ್ದಿಯೂ ಆಗುವುದಿಲ್ಲ. ಊರು ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇಂಥ ಮನೆಗಳೇ.

ವಿಚಿತ್ರವೆಂದರೆ ಆ ಮನೆಗಳ ಚಿತ್ರ ಇಲ್ಲವೇ ಇಲ್ಲ ಎಂದಲ್ಲ, ಇರುವುದು ಬೇರೆ ಕಡೆ. ಮದುವೆಯ ಆಲ್ಬಮ್ಮುಗಳಲ್ಲಿ, ಹೊಸ ಸ್ಕೂಟರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣಿಟ್ಟ ದಿನದ ಫೋಟೊದಲ್ಲಿ, ಶಾಲೆಯ ಮೊದಲ ದಿನ ಗೇಟಿನ ಮುಂದೆ ನಿಲ್ಲಿಸಿದ ಮಗುವಿನ ಹಿಂದೆ. ಮಗುವನ್ನು ನೋಡಿ ಎಂದು ತೆಗೆದ ಚಿತ್ರದಲ್ಲಿ ಈಗ ಮನೆಯವರು ಹುಡುಕುವುದು ಗೇಟಿನ ವಿನ್ಯಾಸ, ಕಾಂಪೌಂಡಿನೊಳಗಿನ ಪಾರಿಜಾತ, ಬಾವಿಕಟ್ಟೆಯ ಅಂಚು. ಅಳತೆಗೋಲಾಗಿ ನಿಂತವನ ಕಥೆ ಇಲ್ಲಿ ತಿರುವುಮುರುವಾಗಿದೆ: ಅಲ್ಲಿ ಕಲ್ಲಿಗಾಗಿ ತೆಗೆದದ್ದರಲ್ಲಿ ಮನುಷ್ಯ ಉಳಿದ, ಇಲ್ಲಿ ಮನುಷ್ಯರಿಗಾಗಿ ತೆಗೆದದ್ದರಲ್ಲಿ ಕಲ್ಲು ಉಳಿಯಿತು. ಎರಡರಲ್ಲೂ ತೆಗೆದವರ ಲೆಕ್ಕ ತಪ್ಪಿದೆ. ಬದುಕಿನಲ್ಲೂ ಈ ತಪ್ಪು ಲೆಕ್ಕ ನಡೆಯುತ್ತಲೇ ಇರುತ್ತದೆ. ಬಡ್ತಿ, ಗೃಹಪ್ರವೇಶ, ಸನ್ಮಾನಗಳನ್ನು ನಡುವೆ ಇಟ್ಟು ನಾವು ವರ್ಷಗಳನ್ನು ಎಣಿಸುತ್ತೇವೆ. ಕಾಲ ಕಳೆದ ಮೇಲೆ ಮನಸ್ಸು ತಡಕುವುದು ಆ ದಿನಗಳ ಅಂಚಿನಲ್ಲಿದ್ದದ್ದನ್ನು: ಬೀದಿ ತಿರುವಿನ ಹೂವಿನವಳು ಮೊಳ ಹಾಕುವಾಗ ಕೈ ಸ್ವಲ್ಪ ಉದ್ದ ಬಿಡುತ್ತಿದ್ದದ್ದು, ಬಸ್‌ಸ್ಟಾಪಿನ ಕಲ್ಲುಬೆಂಚು, ಪಕ್ಕದ ಮನೆಯ ರೇಡಿಯೊ.

ಹಾಗಿದ್ದರೆ ಚಿಂತೆ ಏಕೆ, ಈಗ ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇದೆಯಲ್ಲ, ಊರಿನ ಇಂಚಿಂಚೂ ದಾಖಲಾಗುತ್ತಿದೆಯಲ್ಲ ಎನ್ನಬಹುದು. ಸಂಖ್ಯೆಯ ಮಟ್ಟಿಗೆ ನಿಜ. ಆದರೆ ಅತ್ಜೆ ಪ್ರತಿ ಫಲಕಕ್ಕೂ ಜಾಗದ ಹೆಸರು ಬರೆದ. ನಮ್ಮ ಫೋನಿನಲ್ಲಿರುವ ಹನ್ನೆರಡು ಸಾವಿರ ಚಿತ್ರಗಳಿಗೆ ಹೆಸರೂ ಇಲ್ಲ, ಫೋನು ಹೋದರೆ ಅವೂ ಇಲ್ಲ. ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪಿಯನ್ನು ಮತ್ತೆ ಚಿತ್ರಿಸಲು ಸಾಧ್ಯವಾದದ್ದು, 127 ವರ್ಷ ಹಳೆಯ ಕಾಗದದ ನೆಗೆಟಿವ್ ಕೈಗೆ ಸಿಗುವಂತೆ ಉಳಿದಿದ್ದರಿಂದ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಲೆನ್ಸಿನ ಆ ಉಪಕಾರಿ ದಡ್ಡತನವನ್ನು ಈಗ ತಿದ್ದಲಾಗುತ್ತಿದೆ. ಗೂಗಲ್ 2021ರಲ್ಲಿ ತನ್ನ ಪಿಕ್ಸೆಲ್ ಫೋನಿಗೆ ‘ಮ್ಯಾಜಿಕ್ ಇರೇಸರ್’ ಎಂಬ ಸೌಲಭ್ಯ ಕೊಟ್ಟಿತು; ಈಗ ಇತರ ಫೋನುಗಳಲ್ಲೂ ಅದರ ತಮ್ಮಂದಿರಿದ್ದಾರೆ. ಹಿನ್ನೆಲೆಯಲ್ಲಿ ನುಸುಳಿದ ಅಪರಿಚಿತರನ್ನು ಫೋನು ತಾನೇ ಗುರುತಿಸಿ, ಅಳಿಸಲೇ ಎಂದು ಕೇಳುತ್ತದೆ. ಬೆರಳು ತಾಗಿಸಿದರೆ ಸಾಕು, ಆ ಜಾಗದಲ್ಲಿ ಗೋಡೆಯೋ ಆಕಾಶವೋ ಬಂದು ಕೂರುತ್ತದೆ. ಡಾಗೇರ್‌ನ ಕೈಯಲ್ಲಿ ಇಂಥ ಫೋನು ಇದ್ದಿದ್ದರೆ ಅದು ಮೊದಲು ಗುರುತು ಹಾಕುತ್ತಿದ್ದದ್ದು ಆ ಮೂಲೆಯ ಇಬ್ಬರಿಗೇ.

ಅವರ ಒಪ್ಪಿಗೆ ಯಾರು ಕೇಳಿದರು ಎಂಬ ಪ್ರಶ್ನೆ ಉಳಿಯುತ್ತದೆ. ಬಡವರನ್ನು, ದುಡಿಯುವವರನ್ನು ಊರಿನ ಅಲಂಕಾರದಂತೆ ಹಿಡಿದು ಬಹುಮಾನ ಗೆಲ್ಲುವ ಚಾಳಿ ನಮ್ಮಲ್ಲೂ ಇದೆ, ಅದು ಅಸಹ್ಯವೇ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮುಖಕ್ಕೆ ಲೆನ್ಸು ಹಿಡಿಯುವ ಮುನ್ನ ಕೇಳಬೇಕು, ಬೇಡವೆಂದರೆ ಇಳಿಸಬೇಕು. ಇದರಲ್ಲಿ ಚರ್ಚೆಗೇನೂ ಇಲ್ಲ. ಆದರೆ ಮನುಷ್ಯನ ಮುಖವನ್ನು ಕದಿಯುವುದು ಒಂದು ಅನ್ಯಾಯವಾದರೆ, ಅವನು ಅಲ್ಲಿ ಇರಲೇ ಇಲ್ಲ ಎಂದು ತೋರಿಸುವುದು ಇನ್ನೊಂದು. ಮೊದಲನೆಯದರ ಬಗ್ಗೆ ಈಗ ಎಚ್ಚರ ಬೆಳೆದಿದೆ, ಎರಡನೆಯದು ಅಂದವೆಂಬ ಹೆಸರಿನಲ್ಲಿ ನಡೆದೇ ಇದೆ.

ಡಾಗೇರ್‌ನ ತಗಡಿನ ಪ್ರತಿಗಳನ್ನು ಇನ್ನೊಮ್ಮೆ ನೋಡಿದರೆ ಒಂದು ವಿವರ ಕಣ್ಣಿಗೆ ಬೀಳುತ್ತದೆ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿರುವವನ ಆಕಾರ ತಕ್ಕಮಟ್ಟಿಗೆ ತಿಳಿಯುತ್ತದೆ. ಪಾಲಿಶ್ ಮಾಡುತ್ತಿರುವವನು ಒಂದು ಕಪ್ಪು ಮುದ್ದೆ, ಅಷ್ಟೇ. ಸುಮ್ಮನೆ ನಿಂತವನು ಮೂಡಿದ, ಕೈಯಾಡಿಸುತ್ತಿದ್ದವನು ಮಸುಕಾದ. ಇಂದಿನ ಶಟರಿಗೆ ಸೆಕೆಂಡಿನ ಸಾವಿರದ ಒಂದು ಭಾಗ ಸಾಕು, ಯಾವ ಕೈಯೂ ಮಸುಕಾಗಬೇಕಿಲ್ಲ. ಆದರೂ ಕಟ್ಟಡಗಳ ಚಿತ್ರಕ್ಕೆಂದು ಬೆಂಗಳೂರಿನಲ್ಲಿ ಹೊರಡುವವರು ಆರಿಸಿಕೊಳ್ಳುವುದು ಬೆಳಗಿನ ಆರರ ಆಸುಪಾಸು. ವಿಧಾನಸೌಧದ ಮುಂದಾಗಲಿ, ಅವೆನ್ಯೂ ರಸ್ತೆಯಲ್ಲಾಗಲಿ, ಬೆಳಕು ಓರೆಯಾಗಿ ಬೀಳುವ, ರಸ್ತೆ ಖಾಲಿಯಿರುವ ಹೊತ್ತು. ಆ ಹೊತ್ತಿಗೆ ರಸ್ತೆಯಲ್ಲಿ ತಪ್ಪದೆ ಇರುವವರು ಪೌರಕಾರ್ಮಿಕರು. ಉದ್ದನೆಯ ಪೊರಕೆಯಿಂದ ಧೂಳು ಎಳೆದು, ಎಲೆ ಗುಡ್ಡೆ ಹಾಕಿ, ಒಂದೊಂದೇ ಗಜ ಮುಂದೆ ಸರಿಯುತ್ತಿರುತ್ತಾರೆ. ಚಿತ್ರದಲ್ಲಿ ಥಳಥಳಿಸುವ ಆ ಶುಭ್ರ ರಸ್ತೆ ಐದು ನಿಮಿಷದ ಕೆಳಗೆ ಅವರು ಗುಡಿಸಿದ್ದು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿಕೊಂಡವನು, ಅವರು ಚೌಕಟ್ಟು ದಾಟಿ ಹೋಗಲಿ ಎಂದು ಕಾಯುತ್ತಾನೆ.